ಬೀಗರನ್ನು ದೋಣಿಯಿಂದ ಇಳಿಸಿದ್ದು

ಮಗಳ ಮದುವೆ ಮುಗಿದು ವಾರವಾಗುತ್ತ ಬಂದರೂ ರುದ್ರಮುನಿಯ ಕಾಲಿನ ಬಾವು ಇಳಿದಿರಲಿಲ್ಲ. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಲು ಹೋದರೆ ಪಾದ ಒಳಗೆ ಹೋಗುತ್ತಿರಲಿಲ್ಲ. ರಾಣೆಬೆನ್ನೂರಿನ ಪೇಟೆಯಲ್ಲಿ ಸ್ಟೀಲು, ಹಿತ್ತಾಳೆ ಪಾತ್ರೆಗಳ ಅಂಗಡಿ ಇಟ್ಟುಕೊಂಡು ದಿನವಿಡೀ ನಿಂತೇ ವ್ಯಾಪಾರ ಮಾಡಿದವನಿಗೆ ನಿಲ್ಲುವುದೇನೂ ಹೊಸದಲ್ಲ. ಆದರೆ ಮದುವೆಯಲ್ಲಿ ನಿಂತದ್ದು ಬೇರೆ ಥರ. ಕೈ ಜೋಡಿಸಿಕೊಂಡು, ಮುಖದಿಂದ ನಗು ಜಾರದ ಹಾಗೆ ನೋಡಿಕೊಂಡು, ಎದುರು ಬಂದವರಿಗೆಲ್ಲ ‘ಊಟಾ ಆತ್ರಿ? ಏನೂ ಕಡಿಮಿ ಆಗಿಲ್ಲಲ್ರಿ?’ ಎಂದು ಕೇಳುತ್ತ ನಿಂತದ್ದು. ಗಂಡಿನ ಕಡೆಯವರು ಬ್ಯಾಡಗಿಯ ಮೆಣಸಿನಕಾಯಿ ದಲಾಲರು. ದೊಡ್ಡ ಮನೆತನ, ಮನೆ ತುಂಬ ಜನ. ಒಬ್ಬರಿಗೆ ಬಿಸಿನೀರು ಸಾಲಲಿಲ್ಲ, ಇನ್ನೊಬ್ಬರಿಗೆ ಹೋಳಿಗೆಗೆ ತುಪ್ಪ ಬೀಳಲಿಲ್ಲ, ಮತ್ತೊಬ್ಬರನ್ನು ಬಾಗಿಲಲ್ಲಿ ಹೆಸರು ಹಿಡಿದು ಕರೆಯಲಿಲ್ಲ. ರುದ್ರಮುನಿ ಎಲ್ಲದಕ್ಕೂ ಕೈ ಮುಗಿದಿದ್ದ. ತಪ್ಪು ತನ್ನದಾಗಿದ್ದಾಗಲೂ ಮುಗಿದ, ಅಡಿಗೆಯವರದಾಗಿದ್ದಾಗಲೂ ಮುಗಿದ, ಯಾರದೂ ಆಗಿರದಿದ್ದಾಗಲೂ ಮುಗಿದ.

ಮದುವೆಯ ಮರುವಾರ ಬೀಗರನ್ನು ಊಟಕ್ಕೆ ಕರೆಯುವುದು ಪದ್ಧತಿ. ಮಗಳು ಸ್ನೇಹಾ, ಅಳಿಯ ಮಧು ಇಬ್ಬರ ಜೊತೆ ಅವರ ಮನೆಯವರನ್ನೂ ಕರೆದು ಉಣಿಸಿ ಕಳಿಸಿದರೆ ಒಂದು ಘಟ್ಟ ದಾಟಿದ ಹಾಗೆ ಎಂದು ರುದ್ರಮುನಿ ಎಣಿಸಿದ್ದ. ಅಷ್ಟರಲ್ಲಿ ವಿಜಯಮಹಾಂತೇಶನ ಫೋನು ಬಂತು. ಅವನು ಮಧುವಿನ ಕಾಕಾ. ಮಧುವಿನ ತಂದೆ ತೀರಿಕೊಂಡ ಮೇಲೆ ಮನೆಯ ಹಿರೇತನ, ದಲಾಲಿ ಅಂಗಡಿ ಎರಡೂ ಅವನ ಕೈಗೆ ಬಂದಿದ್ದವು. ದೊಡ್ಡ ಮೈ, ದೊಡ್ಡ ದನಿ. ಕೆಟ್ಟವನಲ್ಲ. ಮಂದಿ ಸೇರಿಸಿ ನಗಿಸಿ ಉಣಿಸುವುದೆಂದರೆ ಅವನಿಗೆ ಪ್ರಾಣ. ಬೇಡ ಎನ್ನುವ ಮಾತು ಕೇಳಿ ಮಾತ್ರ ರೂಢಿಯಿಲ್ಲ.

“ಬೀಗ್ರ, ಮನ್ಯಾಗ ಕುಂತು ಉಣ್ಣೋದು ಇದ್ದದ್ದ ಐತಿ. ರವಿವಾರ ಹೊಳಿ ದಂಡ್ಯಾಗ ಉಣ್ಣೂಣು. ನಿಮ್ಮ ಕಡೆ ಹೊಳ್ಯಾಗ ಬೋಟು ಬಿಡಾಕತ್ತಾರಂತಲ್ಲ, ನಮ್ಮ ಹುಡುಗ್ರು ಅದನ್ನ ಹಿಡದು ಕುಂತಾವು,” ಎಂದ.

ರುದ್ರಮುನಿ ಆಗಲಿ ಎಂದ. ಫೋನು ಇಟ್ಟ ಮೇಲೆ ಹೆಂಡತಿ ಗದಿಗೆವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ಒಲ್ಲೆ ಅನ್ನಬೇಕಿಲ್ರಿ? ಅಷ್ಟ ಮಂದಿ ಅಡಗಿ ಹೊಳಿ ತನಕ ಹೊರೋರು ಯಾರು?”

“ಅನ್ನಾಕ ಮನಸೇನೋ ಇತ್ತ. ಬಾಯಿ ಏಳಲಿಲ್ಲ.”

ರವಿವಾರ ಗದಿಗೆವ್ವ ಬೆಳಕು ಹರಿಯುವ ಮುಂಚೆ ಎದ್ದು ಒಲೆ ಹಚ್ಚಿದಳು. ಎಣಗಾಯಿ, ಕಾಳಿನ ಪಲ್ಯ, ಖಡಕ್ ರೊಟ್ಟಿ, ಗೋಧಿ ಹುಗ್ಗಿ, ಮೊಸರನ್ನ. ಬಾಡಿಗೆಯ ಟ್ರ್ಯಾಕ್ಸ್ ಗಾಡಿಯಲ್ಲಿ ಡಬರಿಗಳನ್ನು ತುಂಬಿ, ಅಲುಗದಂತೆ ನಡುವೆ ಹಳೆಯ ಚಾದರ ತುರುಕಿ, ರುದ್ರಮುನಿ ಹಿಂದೆ ಪಾತ್ರೆಗಳ ಜೊತೆಗೇ ಕುಳಿತ. ಬೀಗರು ಬ್ಯಾಡಗಿಯಿಂದ ಎರಡು ಗಾಡಿಗಳಲ್ಲಿ ನೇರ ಹೊಳೆಗೇ ಬರುವವರಿದ್ದರು.

ಅದು 2007ರ ಮಾತು. ಮಳೆ ಚಲೋ ಆಗಿದ್ದ ವರ್ಷ. ಕುಮಾರಪಟ್ಟಣದ ದಾರಿಯಿಂದ ಒಂದು ಮಣ್ಣಿನ ರಸ್ತೆ ಹೊರಳಿ ತುಂಗಭದ್ರೆಯ ದಂಡೆಗೆ ಇಳಿಯುತ್ತದೆ. ಕೆಳಗೆಲ್ಲೋ ಕಟ್ಟಿದ ಬಾಂದಾರದಿಂದಾಗಿ ಅಲ್ಲಿ ಹೊಳೆ ಹರಿಯುವುದನ್ನು ಮರೆತು ಕೆರೆಯ ಹಾಗೆ ಹರಡಿಕೊಂಡಿತ್ತು. ದೂರಕ್ಕೆ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ದಂಡೆಯ ಮೇಲೆ ಸಾಲಾಗಿ ಹೊಂಗೆ ಗಿಡ. ಕುತುಬುದ್ದೀನ ಎಂಬವನು ಟೆಂಪೋ ಓಡಿಸುವುದನ್ನು ಬಿಟ್ಟು ಅಲ್ಲಿ ಎರಡು ಫೈಬರ್ ದೋಣಿ ಇಟ್ಟಿದ್ದ. ಒಂದು ದುರಸ್ತಿಗೆಂದು ದಂಡೆಯ ಮೇಲೆ ಬೋರಲು ಬಿದ್ದಿತ್ತು. ಇನ್ನೊಂದರ ಹಿಂಭಾಗಕ್ಕೆ ಇಂಜಿನ್ನು, ಮಗ್ಗುಲಿಗೆ ನೀಲಿ ಬಣ್ಣದಲ್ಲಿ ‘೮ ಮಂದಿ’ ಎಂಬ ಬರಹ. ಎರಡು ಗಿಡಗಳ ನಡುವೆ ಕಟ್ಟಿದ ಹಗ್ಗದ ಮೇಲೆ ಕೇಸರಿ ಬಣ್ಣದ ಲೈಫ್ ಜಾಕೆಟ್ಟುಗಳು ಒಣಗಲು ಹಾಕಿದ ಬಟ್ಟೆಯಂತೆ ನೇತಾಡುತ್ತಿದ್ದವು. ಬಿಸಿಲಿಗೆ ಬಣ್ಣ ಹೋಗಿತ್ತು, ಹತ್ತಿರ ಹೋದರೆ ಮುಗ್ಗಲು ವಾಸನೆ.

ಬೀಗರು ಬಂದರು. ಗಿಡದ ನೆರಳಿಗೆ ಜಮಖಾನೆ ಹಾಸಿದ್ದಾಯಿತು, ಬಾಳೆಲೆ ಹಾಕಿದ್ದಾಯಿತು. ಉಣ್ಣುವ ಹೊತ್ತಿನಲ್ಲಿ ಎಲ್ಲ ಸುಸೂತ್ರ. ವಿಜಯಮಹಾಂತೇಶ ಹುಗ್ಗಿ ಎರಡು ಸಲ ಹಾಕಿಸಿಕೊಂಡು, ಮದುವೆ ಊಟಕ್ಕಿಂತ ಇದು ರುಚಿ ಎಂದು ಹೊಗಳಿದ. ಹೊಗಳಿಕೆಯೊಳಗೇ ಮದುವೆ ಊಟಕ್ಕೊಂದು ಚುಚ್ಚು ಇತ್ತು. ರುದ್ರಮುನಿ ಅದಕ್ಕೂ ನಕ್ಕ. ಎಲ್ಲರದೂ ಮುಗಿದ ಮೇಲೆ ಅವನು ಗಿಡದ ಬೇರಿನ ಮೇಲೆ ಕುಳಿತು ಕಾಲು ಚಾಚಿದ. ಗದಿಗೆವ್ವ ರೊಟ್ಟಿ ಪಲ್ಯ ತಂದು ಕೊಟ್ಟಳು. ಮೂಡಗಾಳಿ ಸಣ್ಣಗೆ ಎದ್ದಿತ್ತು. ಬೀಗರೆಲ್ಲ ನೀರಿನ ಕಡೆ ಹೋಗಿದ್ದರಿಂದ ಸ್ವಲ್ಪ ಹೊತ್ತು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ರೊಟ್ಟಿಯ ಮೊದಲ ತುತ್ತು ಬಾಯಿಗಿಟ್ಟ.

ಆಗ ದೋಣಿಯ ಕಡೆಯಿಂದ ಜೋರು ನಗು ಕೇಳಿಸಿತು. ತಲೆ ಎತ್ತಿ ನೋಡಿದರೆ ದೋಣಿಯಲ್ಲಿ ಮಂದಿ ಕಿಕ್ಕಿರಿದು ಕುಳಿತಿದ್ದರು. ಒಬ್ಬರ ಹಿಂದೆ ಒಬ್ಬರು, ತೊಡೆಯ ಮೇಲೆ ಹುಡುಗರು, ಅಂಚಿನ ಮೇಲೂ ಇಬ್ಬರು. ನಟ್ಟನಡುವೆ ಸ್ನೇಹಾ. ಮದುವೆಯ ರೇಷ್ಮೆ ಸೀರೆ, ಮೈಮೇಲೆ ಬಂಗಾರ. ಪಕ್ಕದಲ್ಲಿ ಮಧು. ಮುಂದೆ ವಿಜಯಮಹಾಂತೇಶ ಹೊಸ ಕ್ಯಾಮೆರಾ ಹಿಡಿದು ನಿಂತಿದ್ದ. ಅವನು ಕಾಲು ಬದಲಿಸಿದ ಹಾಗೆಲ್ಲ ದೋಣಿ ಈ ಕಡೆ ಆ ಕಡೆ ವಾಲುತ್ತಿತ್ತು, ಮಂದಿ ‘ಹೋ’ ಎಂದು ನಗುತ್ತಿದ್ದರು. ಜಾಕೆಟ್ಟುಗಳೆಲ್ಲ ಹಗ್ಗದ ಮೇಲೇ ಇದ್ದವು.

ರುದ್ರಮುನಿ ಎದ್ದ. ಕೈ ತೊಳೆಯುವುದೂ ನೆನಪಾಗಲಿಲ್ಲ. ಬಾತ ಕಾಲಿನಲ್ಲಿ ಬರಿಗಾಲಲ್ಲೇ ನೀರಿನ ಅಂಚಿಗೆ ಹೋಗಿ ನಿಂತ.

“ಕುತುಬುದ್ದೀನ, ಇದು ಎಷ್ಟ ಮಂದಿ ದೋಣಿ?”

“ಎಂಟ ಮಂದೀದ್ರಿ ಸಾವ್ಕಾರ್ರ,” ಎಂದ ಕುತುಬುದ್ದೀನ, ಇಂಜಿನ್ನಿನ ಕಡೆ ನೋಡುತ್ತ. “ಹುಡುಗ್ರು ಅದಾವಲ್ರಿ, ಹಗರ ಇರ್ತಾವು. ಕ್ಯಾಮೆರಾ ಹಿಡದ ಅಣ್ಣಾರು ಭಾಳ ಹೇಳಿದ್ರು. ಒಂದ ಸುತ್ತ ಹಾಕಿ ಬಂದಬಿಡ್ತೇನ್ರಿ.”

“ಜಾಕೀಟು?”

“ಯಾರೂ ಒಲ್ಲೆ ಅಂದ್ರು.”

“ಬರ್ರಿ ಬೀಗ್ರ,” ವಿಜಯಮಹಾಂತೇಶ ಕೈ ಬೀಸಿದ. “ಏ, ಸರೀರೆಪಾ, ಬೀಗ್ರಿಗೆ ಜಾಗಾ ಮಾಡ್ರಿ.”

“ಇಳೀರಿ,” ಎಂದ ರುದ್ರಮುನಿ.

ಚೇಷ್ಟೆ ಮಾಡುತ್ತಿದ್ದಾನೆಂದು ಒಂದಿಬ್ಬರು ನಕ್ಕರು. ಅವನಿಗೇ ಆ ಮಾತು ವಿಚಿತ್ರವಾಗಿ ಕೇಳಿಸಿತು. ಒಂದು ತಿಂಗಳಿಂದ ಅವನು ಬಾಯಿಬಿಟ್ಟರೆ ಮೊದಲು ‘ತಪ್ಪು ತಿಳೀಬ್ಯಾಡ್ರಿ’ ಬರುತ್ತಿತ್ತು, ಕೊನೆಗೆ ‘ಸಿಟ್ಟಾಗಬ್ಯಾಡ್ರಿ’ ಬರುತ್ತಿತ್ತು. ಈಗ ಆ ಎರಡನ್ನೂ ಹುಡುಕಿದ, ಸಿಗಲಿಲ್ಲ. ಜಾಡಿಸಿದ ಹಿಟ್ಟಿನ ಚೀಲದ ಹಾಗೆ ಒಳಗೆಲ್ಲ ಬರಿದಾಗಿತ್ತು. ಉಳಿದದ್ದು ಆ ಒಂದು ಬೋಳು ಮಾತು.

“ಅಂದ್ರ?” ಎಂದ ವಿಜಯಮಹಾಂತೇಶ.

“ಎಲ್ಲಾರೂ ಇಳೀರಿ. ಆಮ್ಯಾಲೆ ಎಂಟ ಮಂದಿ ಹತ್ರಿ, ಜಾಕೀಟು ಹಾಕ್ಕೊಂಡು. ಉಳಿದಾವ್ರು ಮುಂದಿನ ಸರತಿಗೆ ಹೋಗ್ರಿ.”

“ಬೀಗ್ರ, ನಿಂತ ನೀರಿದು. ಇದರಾಗ ಏನಾಕ್ಕೈತಿ? ಮದುವಿ ಸೀರಿ ಮ್ಯಾಲೆ ಆ ಹೊಲಸು ಜಾಕೀಟು ಹಾಕಿ ಫೋಟೋ ತಗಸೋದೇನು?”

“ಫೋಟೋ ದಂಡಿ ಮ್ಯಾಲೆ ತಗೀರಿ.”

ನಗು ನಿಂತಿತು. ವಿಜಯಮಹಾಂತೇಶನ ಮುಖ ಕೆಂಪಾಗತೊಡಗಿತು. “ನಮ್ಮ ಹುಡುಗ್ರ ಕಾಳಜಿ ನಮಗಿಲ್ಲೇನು? ನೀವೊಬ್ರ ಶ್ಯಾಣ್ಯಾರೇನು?”

“ನಾ ಶ್ಯಾಣ್ಯಾ ಅಂತ ಅಂದಿಲ್ರಿ. ನನಗ ಈಸಾಕ ಬರೂದಿಲ್ಲ. ನನ್ನ ಮಗಳಿಗೂ ಬರೂದಿಲ್ಲ. ಈ ದೋಣ್ಯಾಗ ಯಾರ್ಯಾರಿಗೆ ಬರ್ತೈತಿ ಕೈ ಎತ್ರಿ. ಎಲ್ಲಾರೂ ಎತ್ತಿದ್ರ ನಾ ಹೋಗಿ ಉಣ್ತೇನಿ.”

ಮಧು ಅರ್ಧ ಕೈ ಎತ್ತಿ, ಸುತ್ತ ನೋಡಿ, ಇಳಿಸಿದ. ಬೇರೆ ಯಾರೂ ಎತ್ತಲಿಲ್ಲ. ದೋಣಿಯ ಹಗ್ಗವನ್ನು ದಂಡೆಯ ಮೇಲಿನ ಒಂದು ಗೂಟಕ್ಕೆ ಕಟ್ಟಿತ್ತು. ರುದ್ರಮುನಿ ಹೋಗಿ ಆ ಹಗ್ಗದ ಮೇಲೇ ಕುಳಿತುಬಿಟ್ಟ. ಹಟದಿಂದ ಕುಳಿತದ್ದಕ್ಕಿಂತ ನಿಲ್ಲಲಾರದೆ ಕುಳಿತದ್ದೇ ಹೆಚ್ಚು. ಗದಿಗೆವ್ವ ಓಡಿ ಬಂದು ಬಗ್ಗಿ ಕಿವಿಯ ಹತ್ತಿರ ಪಿಸುಗುಟ್ಟಿದಳು.

“ಎಂಜಲ ಕೈಲೆ ಬಂದು ಇದೇನ ಹಚ್ಚೀರ್ರಿ? ಮಗಳ ಮಾರಿನರ ನೋಡ್ರಿ.”

“ಮಗಳ ಮಾರಿ ನೋಡೇ ಕುಂತೇನಿ.”

ಸ್ನೇಹಾಳ ಮುಖ ನಿಜಕ್ಕೂ ನೋಡುವಂತಿರಲಿಲ್ಲ. ತಲೆ ತಗ್ಗಿಸಿ ಬಳೆ ತಿರುವುತ್ತಿದ್ದಳು, ಕಣ್ಣು ತುಂಬಿದ್ದವು. ಹೊಸ ಮನೆಯಲ್ಲಿ ಇನ್ನೂ ಹದಿನೈದು ದಿನ ಕಳೆದಿಲ್ಲ, ಅಪ್ಪ ಹೀಗೆ ಎಲ್ಲರೆದುರು ಹಗ್ಗದ ಮೇಲೆ ಕುಳಿತಿದ್ದಾನೆ.

ಮೊದಲು ಎದ್ದವಳು ಮಧುವಿನ ತಾಯಿ ಮುತ್ತವ್ವ. ಮಾತು ಕಡಿಮೆಯ ಹೆಂಗಸು. “ಮಧು, ಕೈ ಹಿಡಿ. ನಾ ಇಳೀತೇನಿ,” ಎಂದು ಸೀರೆ ಎತ್ತಿ ನೀರಿಗೆ ಕಾಲಿಟ್ಟು ದಂಡೆಗೆ ಬಂದಳು. ಗಿಡಗಳಿಗೆ ಕಟ್ಟಿದ ಹಗ್ಗದಿಂದ ಒಂದು ಜಾಕೆಟ್ಟು ತೆಗೆದು, ಹಿಂದೆ ಮುಂದೆ ತಿಳಿಯದೆ ತಿರುಗಿಸಿ ನೋಡಿ, “ಇದನ್ನ ಹೆಂಗ ಹಾಕ್ಕೋತಾರಪಾ?” ಎಂದು ಕುತುಬುದ್ದೀನನನ್ನು ಕೇಳಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ವಿಜಯಮಹಾಂತೇಶ ಕೊನೆಗೆ ಇಳಿದು, ಯಾರ ಕಡೆಗೂ ನೋಡದೆ ಗಿಡದ ಕೆಳಗೆ ಹೋಗಿ ಕುಳಿತ. ಗಂಡಸರಲ್ಲಿ ಬಹಳ ಮಂದಿ ಅವನ ಹಿಂದೆ ಹೋದರು.

ವಿಜಯಮಹಾಂತೇಶನ ಸಣ್ಣ ಮಗಳು ಸುಚಿತ್ರಾ ಮಾತ್ರ ದೋಣಿಯಲ್ಲಿ ಹೋಗಲೇಬೇಕೆಂದು ಅಳತೊಡಗಿದಳು.

“ಹೋಗು, ನಮ್ಮವ್ವ,” ಎಂದ ವಿಜಯಮಹಾಂತೇಶ ಎಲ್ಲರಿಗೂ ಕೇಳುವಂತೆ. “ಬೀಗ್ರು ಜವಾಬ್ದಾರಿ ತಗೊಂಡಾರಲ್ಲ, ಅವರೂ ದೋಣ್ಯಾಗ ಕುಂದರ್ಲಿ.”

ಹಾಗೆ ರುದ್ರಮುನಿ ದೋಣಿ ಹತ್ತಬೇಕಾಯಿತು. ಸ್ನೇಹಾ, ಮಧು, ಮುತ್ತವ್ವ, ಸುಚಿತ್ರಾ, ಮಧುವಿನ ಸೋದರತ್ತೆಯ ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಅವನು, ಮತ್ತು ಕುತುಬುದ್ದೀನ. ಹತ್ತುವ ಮುಂಚೆ ಒಬ್ಬೊಬ್ಬರಾಗಿ ಜಾಕೆಟ್ಟು ಹಾಕಿಕೊಂಡರು. ಸುಚಿತ್ರಾಳಿಗೆ ಅದು ದೊಡ್ಡದಾಗಿತ್ತು. ಹೆಗಲು ಹಿಡಿದು ಮೇಲೆತ್ತಿದರೆ ತಲೆಯ ಮೇಲಿಂದ ಕಳಚಿ ಬರುತ್ತಿತ್ತು. ರುದ್ರಮುನಿ ತನ್ನ ಹೆಗಲ ಮೇಲಿನ ಟವೆಲ್ಲನ್ನು ಜಾಕೆಟ್ಟಿನ ಮುಂದಿನ ಪಟ್ಟಿಗೆ ಸಿಕ್ಕಿಸಿ, ಕಾಲುಗಳ ನಡುವಿಂದ ಹಿಂದಕ್ಕೆ ತಂದು ಬಿಗಿದು ಕಟ್ಟಿದ. ಹುಡುಗಿ ಕುಣಿದು ನೋಡಿದಳು, ಮೇಲೆ ಸರಿಯಲಿಲ್ಲ.

“ನಿಂದೆಲ್ಲಿ?” ಎಂದು ಕುತುಬುದ್ದೀನನನ್ನು ಕೇಳಿದ.

“ನನಗ್ಯಾಕ್ರಿ? ಹೊಳ್ಯಾಗ ಆಡಿ ಬೆಳದಾಂವ ನಾ,” ಎಂದು ಅವನು ಇಂಜಿನ್ನಿನ ಹಗ್ಗ ಎಳೆದ.

ರುದ್ರಮುನಿಗೆ ಇನ್ನೊಂದು ಜಗಳಕ್ಕೆ ತ್ರಾಣವಿರಲಿಲ್ಲ.

ದೋಣಿ ನಡುನೀರಿಗೆ ಹೋಯಿತು. ಸ್ನೇಹಾ ಅಪ್ಪನ ಕಡೆ ಬೆನ್ನು ತಿರುಗಿಸಿ ಕುಳಿತಿದ್ದಳು. ಸುಚಿತ್ರಾ ಒಬ್ಬಳೇ ನೀರಿಗೆ ಕೈ ಇಳಿಬಿಟ್ಟು ಏನೋ ಹಾಡಿಕೊಳ್ಳುತ್ತಿದ್ದಳು. ದಂಡೆಯ ಹತ್ತಿರ ಸಣ್ಣದಿದ್ದ ಗಾಳಿ ನಡುಹೊಳೆಯಲ್ಲಿ ಸಣ್ಣದಾಗಿರಲಿಲ್ಲ. ತಡೆಯಿಲ್ಲದೆ ಬರುವ ಮೂಡಗಾಳಿ ನೀರನ್ನು ಮಡಿಕೆ ಮಡಿಕೆಯಾಗಿ ಎಬ್ಬಿಸುತ್ತಿತ್ತು. ಕುತುಬುದ್ದೀನ ಆಕಾಶ ನೋಡಿ, “ಹೊಳ್ಳೂಣ್ರಿ,” ಎಂದು ದೋಣಿ ತಿರುಗಿಸಿದ. ಅರ್ಧ ತಿರುಗುವಷ್ಟರಲ್ಲಿ ಇಂಜಿನ್ನು ಗಕ್ಕನೆ ನಿಂತಿತು. ಅದರ ಪಂಖಕ್ಕೆ ಮೀನಿನ ಬಲೆ ಸುತ್ತಿಕೊಂಡಿತ್ತು.

ಕುತುಬುದ್ದೀನ ಇಂಜಿನ್ನನ್ನು ಮೇಲಕ್ಕೆ ಮಗುಚಿ, ಹೊರಕ್ಕೆ ಬಾಗಿ ಬಲೆ ಬಿಡಿಸತೊಡಗಿದ. ನಡೆಸುವ ಬಲವಿಲ್ಲದ ದೋಣಿ ಗಾಳಿಗೆ ಅಡ್ಡ ನಿಂತಿತು. ಒಂದು ತೆರೆ ಬಂದು ಮಗ್ಗುಲಿಗೆ ಬಡಿದು ಕಾಲೇಜು ಹುಡುಗಿಯರ ಮಡಿಲಿಗೆ ನೀರು ಸುರಿಯಿತು. ಅವರಲ್ಲೊಬ್ಬಳು ಬೆಚ್ಚಿ ಎದ್ದು ನಿಂತಳು. “ಕುಂದ್ರವಾ, ಕುಂದ್ರು,” ಎಂದು ಕುತುಬುದ್ದೀನ ಹೇಳುವಷ್ಟರಲ್ಲಿ ಅವಳು ದೋಣಿಯೊಳಗೇ ಈಚೆ ಮಗ್ಗುಲಿಗೆ ಬಿದ್ದಳು. ಎರಡನೆಯ ತೆರೆಗೆ ದೋಣಿ ಎತ್ತಿ ಹಾಕಿದ ಹಾಗೆ ಮಗುಚಿತು.

ರುದ್ರಮುನಿಗೆ ಮೊದಲು ತಿಳಿದದ್ದು ತಣ್ಣಗಾದದ್ದು. ಆಮೇಲೆ ಕತ್ತಲೆ, ಮೂಗಿನಲ್ಲಿ ನೀರು, ಕಿವಿಯಲ್ಲಿ ಏನೋ ಗುಡುಗು. ಕೆಳಗೆ ಹೋಗುತ್ತಿದ್ದೇನೆ ಎಂದುಕೊಂಡ. ಆದರೆ ಯಾರೋ ಎರಡೂ ಹೆಗಲಿಗೆ ಕೈ ಹಾಕಿ ಎತ್ತಿದ ಹಾಗೆ ಜಾಕೆಟ್ಟು ಅವನನ್ನು ಮೇಲಕ್ಕೆ ತಂದಿತು. ಕೆಮ್ಮುತ್ತ ಕಣ್ಣು ಬಿಟ್ಟರೆ ಸುತ್ತ ಕೇಸರಿ ಬಣ್ಣದ ಗಂಟುಗಳು. ಮುತ್ತವ್ವ ಗದ್ದದ ತನಕ ನೀರಿನಲ್ಲಿ, ಸೆರಗು ಸುತ್ತಲೂ ಹರಡಿಕೊಂಡು, ಬಾಯಿ ಬಿಗಿಹಿಡಿದು ತೇಲುತ್ತಿದ್ದಳು. ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದು ಕಿರುಚುತ್ತಿದ್ದರು. ಸುಚಿತ್ರಾ ಬೆನ್ನ ಮೇಲೆ ಮಲಗಿದಂತೆ ತೇಲುತ್ತ, ಅಳುವುದನ್ನೂ ಮರೆತು ಆಕಾಶ ನೋಡುತ್ತಿದ್ದಳು. ಸ್ನೇಹಾ?

“ಅಪ್ಪಾ, ಸೀರಿ ಕಾಲಿಗೆ ಸುತ್ಯೈತಿ,” ಎಂಬ ದನಿ ಹಿಂದಿನಿಂದ ಬಂತು. ಮಧು ಅವಳ ತೋಳು ಹಿಡಿದಿದ್ದ.

ಮಗುಚಿದ ದೋಣಿಯ ಬೆನ್ನು ನೀರಿನ ಮೇಲೆ ತೇಲುತ್ತಿತ್ತು. ಅದರ ಪಕ್ಕದಲ್ಲಿ ಕುತುಬುದ್ದೀನ ಒಂದೇ ಕೈ ಬಡಿಯುತ್ತಿದ್ದ. ದೋಣಿ ಮಗುಚುವಾಗ ಇಂಜಿನ್ನು ಬಡಿದು ಹುಬ್ಬಿನ ಮೇಲೆ ಸೀಳಿತ್ತು, ಬಲಗೈ ಜೋತುಬಿದ್ದಿತ್ತು. ಹೊಳೆಯಲ್ಲಿ ಆಡಿ ಬೆಳೆದವನು ಒಮ್ಮೆ ಮುಳುಗಿ ಎದ್ದ, ಮತ್ತೆ ಮುಳುಗಿದ. ಮಧು ಸ್ನೇಹಾಳ ಕೈಯನ್ನು ದೋಣಿಯ ಅಂಚಿಗೆ ಹಚ್ಚಿ, ಎರಡು ಕೈ ಬಡಿದು ಹೋಗಿ ಅವನ ಅಂಗಿಯ ಕಾಲರು ಹಿಡಿದ. ರುದ್ರಮುನಿಗೆ ಈಜು ಬರದಿದ್ದರೂ ಕಾಲು ಝಾಡಿಸುತ್ತ ಹೇಗೋ ಹತ್ತಿರ ಸರಿದು ಇನ್ನೊಂದು ಬದಿಯ ಅಂಗಿ ಹಿಡಿದುಕೊಂಡ. ಇಬ್ಬರ ನಡುವೆ ಕುತುಬುದ್ದೀನನ ತಲೆ ನೀರಿನ ಮೇಲೆ ನಿಂತಿತು.

“ಮಾಮಾ, ದಂಡಿ ದೂರಿಲ್ಲ. ಸ್ನೇಹಾನ್ನ ಎಳಕೊಂಡು ಈಸಿಬಿಡ್ತೇನಿ,” ಎಂದ ಮಧು ಏದುಸಿರು ಬಿಡುತ್ತ.

ಕುತುಬುದ್ದೀನ ರಕ್ತ ತುಂಬಿದ ಕಣ್ಣು ಬಿಟ್ಟು ತಲೆಯಾಡಿಸಿದ. “ಬ್ಯಾಡ್ರಿ. ದೂರ ಐತಿ. ದೋಣಿ ಬಿಡಬ್ಯಾಡ್ರಿ.”

“ಎಲ್ಲೂ ಹೋಗಬ್ಯಾಡಪಾ,” ಎಂದ ರುದ್ರಮುನಿ. “ಎಲ್ಲಾರೂ ಇದನ್ನ ಹಿಡ್ಕೊಂಡು ಇರೂಣು. ಯಾರರ ಬರ್ತಾರ.”

ಮಧು ಹೋಗಲಿಲ್ಲ. ಎಲ್ಲರೂ ದೋಣಿಯ ಸುತ್ತ ಕೈ ಹಚ್ಚಿಕೊಂಡು ತೇಲಿದರು. ಗಾಳಿ ಬೀಸುತ್ತಲೇ ಇತ್ತು. ದಂಡೆಯ ಮೇಲಿಂದ ಕೂಗು ಕೇಳುತ್ತಿತ್ತು. ವಿಜಯಮಹಾಂತೇಶ ಧೋತರ ಉಟ್ಟುಕೊಂಡೇ ಎದೆಮಟ್ಟ ನೀರಿಗೆ ಇಳಿದಿದ್ದ, ನಾಲ್ಕು ಮಂದಿ ಅವನನ್ನು ಹಿಡಿದು ಜಗ್ಗುತ್ತಿದ್ದರು. ಮಗಳ ಹೆಸರು ಹಿಡಿದು ಅವನು ಕೂಗುತ್ತಿದ್ದ ದನಿ ನೀರಿನ ಮೇಲೆ ಸೀಳಿಕೊಂಡು ಬರುತ್ತಿತ್ತು. ಅಷ್ಟು ದೊಡ್ಡ ದನಿ ಅಷ್ಟು ಸಣ್ಣದಾಗಿ ರುದ್ರಮುನಿ ಕೇಳಿರಲಿಲ್ಲ.

ಆಚೆ ದಂಡೆಯಿಂದ ಗುಡ್ಡಪ್ಪ ಎಂಬ ಮೀನು ಹಿಡಿಯುವವನು ಹರಗೋಲು ಹಾಕಿಕೊಂಡು ಬಂದ. ಇಂಜಿನ್ನಿಗೆ ಸಿಕ್ಕ ಬಲೆ ಅವನದೇ. ಮೊದಲು ಸುಚಿತ್ರಾಳನ್ನೂ ಕುತುಬುದ್ದೀನನನ್ನೂ ಎತ್ತಿ ಹಾಕಿಕೊಂಡ. ಉಳಿದವರು ಅಂಚು ಹಿಡಿದರೆ ಹರಗೋಲೂ ಮಗುಚೀತು ಎಂದು ದೋಣಿಯ ಹತ್ತಿರವೇ ಇರಲು ಹೇಳಿ, ದಂಡೆಗೆ ಹೋಗಿ ಇಳಿಸಿ ಮತ್ತೆ ಬಂದ. ಹೀಗೆ ಸರತಿಯ ಮೇಲೆ ಎಲ್ಲರೂ ದಂಡೆ ಸೇರಿದರು. ಕೊನೆಯ ಸರತಿ ರುದ್ರಮುನಿಯದು. ಅಷ್ಟು ಹೊತ್ತಿಗೆ ಅವನ ಬೆರಳುಗಳು ಮರಗಟ್ಟಿ, ಹಿಡಿದ ಅಂಚನ್ನು ಬಿಡಿಸಲು ಗುಡ್ಡಪ್ಪನೇ ಒಂದೊಂದಾಗಿ ಬೆರಳು ಎತ್ತಬೇಕಾಯಿತು.

ದಂಡೆಯ ಮೇಲೆ ಅಳು, ಅಪ್ಪುಗೆ, ಒದ್ದೆ ಬಟ್ಟೆ. ವಿಜಯಮಹಾಂತೇಶ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಜಾಕೆಟ್ಟು ಬಿಚ್ಚಲು ಒದ್ದಾಡುತ್ತಿದ್ದ. ಟವೆಲ್ಲಿನ ಗಂಟು ಬಿಗಿದುಕೊಂಡಿತ್ತು. ಆಮೇಲೆ ಆ ಒದ್ದಾಟ ಸಿಟ್ಟಾಯಿತು.

“ಇಂಥಾ ಗಾಳ್ಯಾಗ ದೋಣಿ ಬಿಡ್ತಾರೇನು?” ಎಂದು ಮೊದಲು ಕುತುಬುದ್ದೀನನ ಮೇಲೆ ಹರಿಹಾಯ್ದ. ಅವನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಆಮೇಲೆ ರುದ್ರಮುನಿಯ ಕಡೆ ತಿರುಗಿದ. “ಊಟಕ್ಕ ಕರದು ಹೊಳಿಗೆ ಹಾಕ್ತೀರೇನ್ರಿ ಬೀಗ್ರ?”

ಹೊಳೆಯ ಮಾತು ತೆಗೆದವರು ಯಾರು ಎಂದು ಗದಿಗೆವ್ವ ಬಾಯಿ ತೆರೆದಳು. ರುದ್ರಮುನಿ ಅವಳ ಕೈ ಒತ್ತಿದ. ಬೀಗರು ಎರಡು ಗಾಡಿಗಳಲ್ಲಿ ತುಂಬಿಕೊಂಡು, ಸ್ನೇಹಾಳನ್ನೂ ಮಧುವನ್ನೂ ಕರೆದುಕೊಂಡು ಹೊರಟುಹೋದರು. ಗದಿಗೆವ್ವ ಉಳಿದ ಮೊಸರನ್ನವನ್ನು ನಾಯಿಗೆ ಸುರಿದು ಡಬರಿ ಜೋಡಿಸಿದಳು. ರುದ್ರಮುನಿ ಒದ್ದೆ ಬಟ್ಟೆಯಲ್ಲೇ ಕುತುಬುದ್ದೀನನನ್ನು ಟ್ರ್ಯಾಕ್ಸಿನಲ್ಲಿ ಹಾಕಿಕೊಂಡು ಊರಿನ ದವಾಖಾನೆಗೆ ಹೋದ.

ಮುಂದಿನ ದಿನಗಳಲ್ಲಿ ಬ್ಯಾಡಗಿಯಿಂದ ಮಾತುಗಳು ಬಂದವು. ಅಂಗಡಿಗೆ ಬಂದ ಗಿರಾಕಿಯೊಬ್ಬ ಕೊಡ ಬಡಿದು ನೋಡುತ್ತ, “ಯಾರೋ ಬೀಗರನ್ನ ಹೊಳ್ಯಾಗ ಮುಳಗಸಾಕತ್ತಿದ್ರಂತಲ್ರಿ, ನಿಮ್ಮೂರಾಗ?” ಎಂದು ಅವನನ್ನೇ ಕೇಳಿದ. ರುದ್ರಮುನಿ ಕೊಡದ ಬೆಲೆ ಹೇಳಿದ. ಸ್ನೇಹಾ ಫೋನಿನಲ್ಲಿ ಎರಡು ಮಾತಾಡಿ ಇಡುತ್ತಿದ್ದಳು. “ಇಲ್ಲಿ ಆ ಮಾತು ತಗ್ಯಾಂಗಿಲ್ಲಪ್ಪಾ,” ಎಂದಳು ಒಮ್ಮೆ. ಅವನೂ ತೆಗೆಯಲಿಲ್ಲ. ಕುತುಬುದ್ದೀನನ ಮನೆಗೆ ಹೋಗಿ ನೋಡಿಕೊಂಡು ಬಂದ. ಭುಜದಿಂದ ಬೆರಳಿನ ತನಕ ಪ್ಲಾಸ್ಟರು. ಅವನ ಹೆಂಡತಿ ತಾಜಬಿ ಚಹಾ ಕೊಟ್ಟು, ಇನ್ನು ಮೇಲೆ ದೋಣಿಯ ಹೆಸರು ತೆಗೆದರೆ ತವರಿಗೆ ಹೋಗುತ್ತೇನೆ ಎಂದು ಹೆದರಿಸಿರುವುದಾಗಿ ಹೇಳಿದಳು. ಕುತುಬುದ್ದೀನ ಗೋಡೆ ನೋಡುತ್ತ ಕುಳಿತಿದ್ದ. “ಆವತ್ತ ನೀವು ನಂದೆಲ್ಲಿ ಅಂತ ಕೇಳಿದ್ರಿ,” ಎಂದ. “ಇನ್ನೊಂದ ಸಲ ಕೇಳಬೇಕಿತ್ತು,” ಎಂದ ರುದ್ರಮುನಿ. ಅದು ಅವನಿಗೆ ನಿಜಕ್ಕೂ ಅನ್ನಿಸಿದ್ದು.

ಸಂಕ್ರಾಂತಿ ಹತ್ತಿರ ಬಂತು. ಹೊಸ ಮದುವೆಯ ಮಗಳನ್ನು ಹಬ್ಬಕ್ಕೆ ಕರೆಯಲೇಬೇಕು. “ಫೋನಿನ್ಯಾಗ ಕರದ್ರ ಮುಗೀತು, ಸಂಬಂಧಾನ ಮುಗೀತು. ಹೋಗೇ ಬರ್ರಿ,” ಎಂದಳು ಗದಿಗೆವ್ವ. ರುದ್ರಮುನಿ ಅಂಗಡಿಯ ಬಾಗಿಲು ಅರ್ಧ ಎಳೆದು ಬ್ಯಾಡಗಿಯ ಬಸ್ಸು ಹತ್ತಿದ. ಕಿಟಕಿಗೆ ತಲೆ ಆನಿಸಿ ಕುಳಿತರೆ ದಾರಿ ಇನ್ನಷ್ಟು ಉದ್ದವಾಗಲಿ ಅನ್ನಿಸುತ್ತಿತ್ತು.

ಮೆಣಸಿನಕಾಯಿ ಸುಗ್ಗಿ ಶುರುವಾಗಿತ್ತು. ಮಾರುಕಟ್ಟೆಯ ತುಂಬ ಕೆಂಪು ರಾಶಿ, ಚೀಲ, ಹಮಾಲರು. ಒಳಗೆ ಕಾಲಿಟ್ಟೊಡನೆ ರುದ್ರಮುನಿಗೆ ಸೀನು ಹತ್ತಿತು. ವಿಜಯಮಹಾಂತೇಶ ತನ್ನ ಅಂಗಡಿಯ ಮುಂದೆ ಒಂದು ರಾಶಿಗೆ ಕೈ ಹಾಕಿ ಕಾಯಿ ಮುರಿದು ನೋಡುತ್ತಿದ್ದವನು ತಲೆ ಎತ್ತಿದ. ಆಮೇಲೆ ಅವನೇ ಒಳಗಿನಿಂದ ಕುರ್ಚಿ ಎಳೆದು ತಂದ.

“ಕುಂದ್ರಿ ಬೀಗ್ರ.”

ರುದ್ರಮುನಿ ಕುಳಿತ. ಚಹಾ ಬಂತು. ಈ ವರ್ಷದ ಫಸಲು, ಮಳೆ, ಕಾಯಿಯ ಬಣ್ಣ ಎಲ್ಲದರ ಮಾತಾಯಿತು. ಹಬ್ಬಕ್ಕೆ ಮಗಳು ಅಳಿಯನನ್ನು ಕಳಿಸಿಕೊಡಿ ಎಂದು ರುದ್ರಮುನಿ ಕೇಳಿದ. ವಿಜಯಮಹಾಂತೇಶ ಹೂಂ ಅಂದ. ಮುರಿದ ಕಾಯಿಯ ಬೀಜಗಳನ್ನು ಅಂಗೈಯಲ್ಲಿ ಆಡಿಸಿದ.

“ಸುಚಿತ್ರಾ ಈಗ ತೆಲಿ ಮ್ಯಾಲೆ ನೀರು ಹಾಕಿಸಿಕೊಳ್ಳಾಕ ಒಲ್ಲೆ ಅಂತಾಳ್ರಿ.”

“ಆ ಅಂಜಿಕಿ ತಾನ ಹೋಗ್ತೈತಿ ಬಿಡ್ರಿ, ಸಣ್ಣ ಹುಡುಗಿ.”

“ನಾ ಒಬ್ಬಾಂವ ಕುಂತಾಗ, ನೀವು ಬರೂ ಮೊದಲ ಆ ದೋಣ್ಯಾಗ ಯಾರ್ಯಾರು ಕುಂತಿದ್ರು ಅಂತ ನೆನಸ್ತೇನಿ. ನನ್ನ ಎರಡೂ ಹುಡುಗ್ರು, ತಮ್ಮನ ಕೂಸು, ನಮ್ಮ ಮುತ್ತವ್ವ ವೈನಿ... ಪೂರಾ ನೆನಸಾಕ ಆಗೂದಿಲ್ರಿ. ನಡುವ ಎದ್ದ ಹೋಗ್ತೇನಿ.” 

ರುದ್ರಮುನಿ ಚಹಾದ ಕಪ್ಪು ಕೆಳಗಿಟ್ಟ.

“ನಿಮ್ಮ ಮ್ಯಾಲೆ ಊರಾಗ ಮಂದಿ ಆಡ್ತಾರಲ್ಲ, ಆ ಮಾತು ನನ್ನ ಬಾಯಿಂದನ ಹೊಂಟಿದ್ದು.”

“ಗೊತ್ತೈತ್ರಿ.”

“ಗೊತ್ತಿದ್ದೂ ಬಂದ್ರಿ?”

“ಮಗಳು ಇಲ್ಲೇ ಅದಾಳಲ್ರಿ. ಬರಲಾರದ ಏನ ಮಾಡ್ಲಿ?”

ಪಕ್ಕದ ಅಂಗಡಿಯ ದಲಾಲ ಎಲೆ ಅಡಿಕೆ ಜಗಿಯುತ್ತ ಇತ್ತ ಬಂದ. ರುದ್ರಮುನಿಯನ್ನು ನೋಡಿ, ಗುರುತು ಹಿಡಿದು, ನಕ್ಕ. “ಹೊಳ್ಯಾಗ ಮುಳಗಿಸಿದ ಬೀಗ್ರು ಇವರಲ್ಲೇನ್ರಿ?”

ರುದ್ರಮುನಿಯ ಮುಖ ರೂಢಿಯಂತೆ ನಗಲು ಸಿದ್ಧವಾಯಿತು. ಅಷ್ಟರಲ್ಲಿ ವಿಜಯಮಹಾಂತೇಶ ಅಂಗೈಯ ಬೀಜಗಳನ್ನು ಕೆಳಗೆ ಝಾಡಿಸಿದ.

“ಮುಳಗಸಿಲ್ಲ,” ಎಂದ ಸಣ್ಣ ದನಿಯಲ್ಲಿ. “ಇಳಿಸಿದ್ರು. ನಾ ತುಂಬಿದ್ದೆ, ಇವ್ರು ಇಳಿಸಿದ್ರು.”

ದಲಾಲನಿಗೆ ತಿಳಿಯಲಿಲ್ಲ. ಯಾರೂ ತಿಳಿಸಿ ಹೇಳಲೂ ಇಲ್ಲ. ಅವನು ರಾಶಿಯ ಕಾಯಿ ನೋಡಿ, ದರ ಕೇಳಿ, ಹೋದ.

“ಏಳ್ರಿ, ಮನಿಗೆ ಹೋಗೂಣು. ಉಂಡ ಹೋಗ್ರಿ,” ಎಂದ ವಿಜಯಮಹಾಂತೇಶ.

“ಬಸ್ಸಿಗೆ ಹೊತ್ತಾಕ್ಕೈತ್ರಿ.”

“ಇನ್ನೊಂದ ಬಸ್ಸ ಬರ್ತೈತಿ.”

ಇಬ್ಬರೂ ಎದ್ದರು. ಓಣಿ ದಾಟಿ ಮನೆಯ ಹತ್ತಿರ ಬಂದಾಗ ಸ್ನೇಹಾ ಕಟ್ಟೆಯ ಮೇಲೆ ಕುಳಿತು, ಮುಂದೆ ಸುಚಿತ್ರಾಳನ್ನು ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಅಪ್ಪನನ್ನು ಕಂಡು ಅರ್ಧ ಹೆಣೆದ ಜಡೆ ಕೈಯಲ್ಲೇ ಹಿಡಿದು ನಿಂತಳು. ಹುಡುಗಿ ಕೂದಲು ಜಗ್ಗಿತೆಂದು ಒದರಿದಳು.

“ಅತ್ತಿ, ನಮ್ಮಪ್ಪ ಬಂದಾನ್ರಿ,” ಎಂದು ಸ್ನೇಹಾ ಒಳಗೆ ಕೂಗಿದಳು. ಮುತ್ತವ್ವ ಕಾಲಿಗೆ ನೀರು ತಂದು ಇಟ್ಟಳು.